ಹುಡುಗರೇ ಕಟ್ಟಿದ ದಳ

ಭಾರತದ ಮೊದಲ ಸ್ಕೌಟ್ ದಳ ಹುಟ್ಟಿದ್ದು ಬೆಂಗಳೂರಿನಲ್ಲಿ, 1909ರಲ್ಲಿ. ಕ್ಯಾಪ್ಟನ್ ಟಿ. ಎಚ್. ಬೇಕರ್ ಅದನ್ನು ಕಟ್ಟಿ ಲಂಡನ್ನಿನ ಮುಖ್ಯ ಕಚೇರಿಯಲ್ಲಿ ನೋಂದಾಯಿಸಿದರು. ಮುಂದಿನ ಎರಡು ವರ್ಷಗಳಲ್ಲಿ ಪುಣೆ ಬಳಿಯ ಕಿರ್ಕಿ, ಶಿಮ್ಲಾ, ಮದರಾಸು, ಜಬಲ್‌ಪುರ, ಲೋಣಾವಳಗಳಲ್ಲೂ ದಳಗಳೆದ್ದವು. ಹೆಚ್ಚಿನವು ದಂಡಿನ ಊರುಗಳು, ರೈಲಿನ ಊರುಗಳು, ದೊರೆಗಳು ಬೇಸಿಗೆ ಕಳೆಯುವ ಗುಡ್ಡದ ಊರುಗಳು. ಅಲ್ಲಿ ಸೇರಲು ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಹುಡುಗರಿಗೆ ಮಾತ್ರ ಅವಕಾಶವಿತ್ತು. ಬೆಂಗಳೂರು ಪೇಟೆಯ ಕನ್ನಡದ ಹುಡುಗನಿಗೆ ತನ್ನೂರಿನಲ್ಲೇ ಹುಟ್ಟಿದ ದಳದ ಬಾಗಿಲು ಮುಚ್ಚಿತ್ತು. ಬಿಳಿಯರ ಕ್ಲಬ್ಬುಗಳಂತೆ ಇದೂ ಒಂದು ಎಂದು ಈ ಸಂಗತಿಯನ್ನು ಅಲ್ಲಿಗೇ ಬಿಡಬಹುದಿತ್ತು. ಆದರೆ ಈ ಬಾಗಿಲು ಮುಚ್ಚಿದ್ದಕ್ಕೆ ಬಣ್ಣದ ಹಮ್ಮಿನ ಜೊತೆಗೆ ಇನ್ನೊಂದು ಕಾರಣವೂ ಇತ್ತು, ಅದು ಭಯ. ಬಂಗಾಳದಲ್ಲಿ ಕ್ರಾಂತಿಕಾರಿ ಗುಂಪುಗಳು ಬಲಿಯುತ್ತಿದ್ದ ಕಾಲ ಅದು. ಹೆಜ್ಜೆ ಗುರುತು ಹಿಡಿಯುವುದು, ನಕ್ಷೆ ಓದುವುದು, ಸಂಕೇತ ಕಳಿಸುವುದು, ಗುಂಪಾಗಿ ಸದ್ದಿಲ್ಲದೆ ಅಲೆಯುವುದು, ಇವನ್ನೆಲ್ಲ ಭಾರತೀಯ ಹುಡುಗರಿಗೆ ಕಲಿಸಿದರೆ ನಾಳೆ ಅದು ಯಾರ ಮೇಲೆ ತಿರುಗೀತು ಎಂಬ ಅಳುಕು ಸರ್ಕಾರದ ಅಧಿಕಾರಿಗಳಲ್ಲಿತ್ತು.

ಈ ಅಳುಕನ್ನು ನಾನು ಒಂದು ಸಾಕ್ಷ್ಯವಾಗಿ ಓದುತ್ತೇನೆ. ಹೆಜ್ಜೆ ಗುರುತು ಹಿಡಿಯುವುದನ್ನು ದನ ಕಾಯುವ ಹುಡುಗನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಂಟು ಹಾಕುವುದನ್ನು ಬೆಸ್ತರ ಹುಡುಗ ನಡೆಯಲು ಕಲಿಯುವಾಗಲೇ ಕಲಿತಿರುತ್ತಾನೆ. ಈ ಕೌಶಲಗಳಿಗೆ ಒಂದು ಸಾಮ್ರಾಜ್ಯ ಹೆದರುವ ಕಾರಣವಿಲ್ಲ. ಹೆದರಬೇಕಾದದ್ದು ಆ ಕೌಶಲಗಳನ್ನು ಹೊತ್ತಿದ್ದ ಏರ್ಪಾಟಿಗೆ: ಆರೆಂಟು ಹುಡುಗರ ಸಣ್ಣ ಗುಂಪು, ಅವರಲ್ಲೇ ಒಬ್ಬ ನಾಯಕ, ದೊಡ್ಡವರು ಪಕ್ಕದಲ್ಲಿಲ್ಲದಾಗಲೂ ನಿಲ್ಲದೆ ನಡೆಯುವ ಕೆಲಸ. ಇಂಗ್ಲಿಷಿನಲ್ಲಿ ಅದಕ್ಕೆ ಪಟ್ರೋಲ್ ಎಂದು ಹೆಸರು, ನಮ್ಮ ಶಾಲೆಗಳಲ್ಲೂ ಅದೇ ಹೆಸರು ಉಳಿದಿದೆ. ಸ್ಕೌಟ್ ಚಳವಳಿ ಲೋಕಕ್ಕೆ ಕೊಟ್ಟ ನಿಜವಾದ ಹೊಸ ಸಂಗತಿ ಇದೊಂದೇ ಎಂಬುದು ನನ್ನ ವಾದ. ಸಮವಸ್ತ್ರ, ಕವಾಯತು, ಬ್ಯಾಂಡು ಎಲ್ಲವೂ ಅದಕ್ಕೂ ಮೊದಲೇ ಇದ್ದವು. ಗ್ಲಾಸ್ಗೋದಲ್ಲಿ ವಿಲಿಯಂ ಸ್ಮಿತ್ 1883ರಲ್ಲೇ ಬಾಯ್ಸ್ ಬ್ರಿಗೇಡ್ ಕಟ್ಟಿ ಅವನ್ನೆಲ್ಲ ಬಳಸಿದ್ದರು. ಕಾಡಿನ ಬದುಕನ್ನು ಹುಡುಗರಿಗೆ ಕಲಿಸುವ ಕೆಲಸವನ್ನು ಅಮೆರಿಕದಲ್ಲಿ ಅರ್ನೆಸ್ಟ್ ಥಾಮ್ಸನ್ ಸೀಟನ್ 1902ರಲ್ಲಿ ತೊಡಗಿದ್ದರು. ಹುಡುಗರ ಕೈಗೆ ಹುಡುಗರನ್ನೇ ಒಪ್ಪಿಸಿ, ಅದನ್ನೇ ಇಡೀ ಸಂಸ್ಥೆಯ ಬುನಾದಿಯಾಗಿಸಿದ್ದು ಮಾತ್ರ ಸ್ಕೌಟ್ ದಳ. ಹೀಗಿರುವಾಗ ಇಂದು ಎಲ್ಲಾದರೂ ಯುವಕರೇ ನಡೆಸುವ ಊರಿನ ದಳವೊಂದು ಕಂಡರೆ ಅದನ್ನು ಹೊಸ ಕಾಲದ ಸ್ವೇಚ್ಛೆ ಎಂದುಕೊಳ್ಳುವುದು ತಪ್ಪು. ಅದು ಹಳೆಯ ಪದ್ಧತಿ. ನಮಗೆ ಪರಿಚಯವಿರುವ, ಮೇಷ್ಟರು ಸೀಟಿ ಊದಿ ಸಾಲು ನಿಲ್ಲಿಸುವ ದಳವೇ ಆಮೇಲೆ ಬಂದದ್ದು.

ಮೊದಲ ಶಿಬಿರವನ್ನೇ ನೋಡೋಣ. 1907ರ ಆಗಸ್ಟ್ ಮೊದಲ ವಾರ ಚಳವಳಿಯ ಸ್ಥಾಪಕ ರಾಬರ್ಟ್ ಬೇಡನ್-ಪೊವೆಲ್ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೌನ್‌ಸೀ ಎಂಬ ಸಣ್ಣ ದ್ವೀಪಕ್ಕೆ ಸುಮಾರು ಇಪ್ಪತ್ತು ಹುಡುಗರನ್ನು ಕರೆದೊಯ್ದರು. ಅವರಲ್ಲಿ ಈಟನ್, ಹ್ಯಾರೋದಂಥ ಸಿರಿವಂತರ ಶಾಲೆಗಳ ಹುಡುಗರಿದ್ದರು. ಪೂಲ್ ಮತ್ತು ಬೋರ್ನ್‌ಮತ್ ಪಟ್ಟಣಗಳ ದುಡಿಯುವ ಮನೆಗಳಿಂದ ಬಾಯ್ಸ್ ಬ್ರಿಗೇಡ್ ಮೂಲಕ ಬಂದವರೂ ಇದ್ದರು. ಶುಲ್ಕದಲ್ಲೇ ಈ ಅಂತರ ಕಾಣುತ್ತದೆ: ಮೊದಲಿನವರಿಗೆ ಒಂದು ಪೌಂಡು, ಎರಡನೆಯವರಿಗೆ ಮೂರೂವರೆ ಷಿಲ್ಲಿಂಗ್. ವರ್ಗದ ಗೋಡೆ ಗಟ್ಟಿಯಾಗಿದ್ದ ಆ ಕಾಲದ ಇಂಗ್ಲೆಂಡಿನಲ್ಲಿ ಇವರನ್ನು ಬೆರೆಸಿ ತೋಳ, ಗೂಳಿ, ಕರ್ಲ್ಯೂ ಎಂಬ ನೀರುಹಕ್ಕಿ, ಕಾಡುಕಾಗೆ ಎಂಬ ಹೆಸರಿನ ನಾಲ್ಕು ಪಟ್ರೋಲ್ ಮಾಡಲಾಯಿತು. ಪ್ರತಿ ಪಟ್ರೋಲಿಗೂ ಹುಡುಗರಲ್ಲೇ ಒಬ್ಬ ಲೀಡರ್. ಬೆಳಗ್ಗೆ ಕಲಿಸಿದ್ದನ್ನು ಆ ಲೀಡರ್ ತನ್ನವರಿಗೆ ಮತ್ತೆ ಮಾಡಿಸಬೇಕು. ತನ್ನ ಗುಂಪಿನ ನಡತೆಗೆ ಅವನೇ ಹೊಣೆ. ಸರದಿಯ ಮೇಲೆ ಒಂದೊಂದು ರಾತ್ರಿ ಒಂದೊಂದು ಪಟ್ರೋಲ್ ಕಾವಲಿಗೆ ಹೋಗಬೇಕು, ತನ್ನ ಅಡುಗೆಯನ್ನು ತಾನೇ ಮಾಡಿಕೊಂಡು, ತನ್ನ ಪಹರೆಯನ್ನು ತಾನೇ ಹಂಚಿಕೊಂಡು. ಆ ವಾರದ ಎಲ್ಲ ಆಟಪಾಠಗಳಿಗಿಂತ ಈ ರಾತ್ರಿ ಕಾವಲು ನನಗೆ ಮುಖ್ಯವಾಗಿ ಕಾಣುತ್ತದೆ. ಕತ್ತಲೆಯಲ್ಲಿ, ಕಾಡಿನ ನಡುವೆ, ನಾಲ್ಕೈದು ಜನರ ನಿದ್ದೆಗೂ ಎಚ್ಚರಕ್ಕೂ ಹೊಣೆಯಾಗಿ ಹದಿಹರೆಯದ ಒಬ್ಬ ಹುಡುಗ ಕೂತಿದ್ದಾನೆ. ಅವನನ್ನು ಅಲ್ಲಿ ಕೂರಿಸಿದ ದೊಡ್ಡವರು ಅವನನ್ನು ನಂಬಿ ದೂರ ಸರಿದಿದ್ದಾರೆ.

ಮರುವರ್ಷ ನಡೆದದ್ದು ಬೇಡನ್-ಪೊವೆಲ್‌ರ ಲೆಕ್ಕವನ್ನೂ ಮೀರಿತು. 1908ರ ಜನವರಿಯಿಂದ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಹದಿನೈದು ದಿನಕ್ಕೊಂದರಂತೆ ಆರು ಕಂತುಗಳಲ್ಲಿ, ನಾಲ್ಕು ಪೆನ್ನಿಯ ಬೆಲೆಗೆ ಹೊರಬಂತು. ಆಗಲೇ ಇದ್ದ ಬ್ರಿಗೇಡುಗಳಿಗೂ ಸಂಘಗಳಿಗೂ ಉಪಯೋಗವಾಗಲೆಂದು ಬರೆದದ್ದು ಅದು. ಆದರೆ ಕೈಖರ್ಚಿನ ಕಾಸು ಕೊಟ್ಟು ಅದನ್ನು ಕೊಂಡವರು ಹುಡುಗರು. ಓದಿದ ಹುಡುಗರು ಯಾರ ಅಪ್ಪಣೆಗೂ ಕಾಯಲಿಲ್ಲ. ಬೀದಿಬೀದಿಯಲ್ಲಿ ಪಟ್ರೋಲ್ ಕಟ್ಟಿಕೊಂಡರು, ಪ್ರಾಣಿಯ ಹೆಸರಿಟ್ಟುಕೊಂಡರು, ಕೋಲು ಹಿಡಿದು ಬಯಲಿಗೆ ಹೊರಟರು; ನೋಂದಣಿಗೆ ದೊಡ್ಡವರೊಬ್ಬರು ಬೇಕು ಎಂದು ತಿಳಿದ ಮೇಲೆ ತಮ್ಮ ಸ್ಕೌಟ್ ಮಾಸ್ಟರನ್ನು ತಾವೇ ಹುಡುಕಿ ತಂದರು. ಮೇಷ್ಟರು ಮಕ್ಕಳನ್ನು ಆರಿಸುವ ಬದಲು ಮಕ್ಕಳು ಮೇಷ್ಟರನ್ನು ಆರಿಸಿದ ಈ ಘಟ್ಟ ಚಳವಳಿಯ ಚರಿತ್ರೆಯಲ್ಲಿ ಬೇಗ ಮರೆಯಾಗಿ ಹೋಯಿತು. 1909ರ ಸೆಪ್ಟೆಂಬರ್ 4ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ಸುಮಾರು 11,000 ಸ್ಕೌಟ್‌ಗಳು ಸೇರಿದರು. ಅವರ ನಡುವೆ ಯಾರೂ ಕರೆಯದ ಹುಡುಗಿಯರ ಗುಂಪೊಂದು ಟೊಪ್ಪಿ ತೊಟ್ಟು, ತಾವೂ ಸ್ಕೌಟ್‌ಗಳೇ ಎಂದು ನಿಂತಿತ್ತು. ಬರಿಯ ಇನಿಷಿಯಲ್ ಕೊಟ್ಟು ಹೆಸರು ನೋಂದಾಯಿಸಿಕೊಂಡಿದ್ದ ಹುಡುಗಿಯರೂ ಇದ್ದರು. 1910ರಲ್ಲಿ ಬೇಡನ್-ಪೊವೆಲ್‌ರ ತಂಗಿ ಆ್ಯಗ್ನೆಸ್‌ರ ಮುಂದಾಳ್ತನದಲ್ಲಿ ಗರ್ಲ್ ಗೈಡ್ಸ್ ಹುಟ್ಟಿದ್ದು ಈ ಹುಡುಗಿಯರ ಹಟದಿಂದ. ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಸ್ಕೌಟ್‌ಗಳ ಸಂಖ್ಯೆ 1 ಲಕ್ಷ ದಾಟಿತ್ತು. ಮೊದಲು ಮಕ್ಕಳು ಮಾಡಿದರು, ಹಿಂದಿನಿಂದ ದೊಡ್ಡವರು ಬಂದು ಅದಕ್ಕೆ ಕಚೇರಿ, ರಿಜಿಸ್ಟರು, ನಿಯಮಾವಳಿ ಕೊಟ್ಟರು.

ನಿಯಮಾವಳಿ ಬಂದಾಗಲೂ ಮೂಲದ ಗುಣ ಉಳಿಯಲೆಂದು ಹೆಣಗಿದವರಿದ್ದರು. ಲಂಡನ್ನಿನ ಈಸ್ಟ್ ಎಂಡಿನ ಬಡ ಬೀದಿಗಳಲ್ಲಿ ದಳ ನಡೆಸುತ್ತಿದ್ದ ರೋಲಂಡ್ ಫಿಲಿಪ್ಸ್ 1914ರಲ್ಲಿ ಪಟ್ರೋಲ್ ಪದ್ಧತಿಯ ಮೇಲೆ ಒಂದು ಸಣ್ಣ ಪುಸ್ತಕ ಬರೆದರು. ಎರಡೇ ವರ್ಷಕ್ಕೆ, 1916ರ ಜುಲೈಯಲ್ಲಿ, ಸಾಮ್ ಕಾಳಗದಲ್ಲಿ ಸತ್ತರು. ಪಟ್ರೋಲ್ ಎಂಬುದು ಹುಡುಗರನ್ನು ಎಣಿಸಲು ಅನುಕೂಲವಾದ ವಿಂಗಡಣೆಯಲ್ಲ, ಸ್ಕೌಟಿಂಗ್ ಎಂದರೆ ಅದೇ ಎಂಬುದು ಅವರ ನಿಲುವು. ಆ ನಿಲುವಿನ ಕೀಲಿ ಕೋರ್ಟ್ ಆಫ್ ಆನರ್ ಎಂಬ ಸಭೆಯಲ್ಲಿದೆ. ಹೆಸರು ದೊಡ್ಡದು, ವಸ್ತು ಸರಳ. ಎಲ್ಲ ಪಟ್ರೋಲ್ ಲೀಡರುಗಳು ಸೇರಿ ಕೂರುವ ಪಂಚಾಯಿತಿ ಅದು. ಮುಂದಿನ ಶಿಬಿರ ಎಲ್ಲಿ, ದಳದ ದುಡ್ಡು ಯಾವುದಕ್ಕೆ ಖರ್ಚಾಗಬೇಕು, ಮಾತು ತಪ್ಪಿದ ಹುಡುಗನನ್ನು ಏನು ಮಾಡುವುದು, ಇವೆಲ್ಲ ಅಲ್ಲಿ ತೀರ್ಮಾನವಾಗುತ್ತವೆ. ಅದಕ್ಕೂ ಮೊದಲು ಪ್ರತಿ ಪಟ್ರೋಲ್ ತನ್ನ ಮೂಲೆಯಲ್ಲಿ ಕೂತು ಮಾತಾಡಿಕೊಂಡಿರುತ್ತದೆ. ಅತಿ ಚಿಕ್ಕವನ ಮಾತನ್ನೂ ಲೀಡರ್ ಸಭೆಗೆ ಒಯ್ಯಬೇಕು. ಸ್ಕೌಟ್ ಮಾಸ್ಟರ್ ಪಕ್ಕದಲ್ಲಿ ಕೂತು ಸಲಹೆ ಕೊಡುತ್ತಾರೆ, ಅಪಾಯ ಕಂಡಾಗ ತಡೆಯುತ್ತಾರೆ. ಇದು ಪುಸ್ತಕದ ಆದರ್ಶವಷ್ಟೇ ಅಲ್ಲ ಎಂಬುದನ್ನು ಮೊದಲ ಮಹಾಯುದ್ಧ ತೋರಿಸಿತು. ಸ್ಕೌಟ್ ಮಾಸ್ಟರುಗಳು ಸೈನ್ಯಕ್ಕೆ ಹೋದರು. ಊರೂರಲ್ಲಿ ದಳಗಳನ್ನು ಪಟ್ರೋಲ್ ಲೀಡರುಗಳೇ ನಡೆಸಿದರು. ಸಾವಿರಾರು ಸ್ಕೌಟ್‌ಗಳು ಬ್ರಿಟನ್ನಿನ ಕಡಲತೀರದ ಕಾವಲು ಠಾಣೆಗಳಲ್ಲಿ ನಿಂತರು. ದೊಡ್ಡವರೇ ಕೇಂದ್ರವಾಗಿದ್ದ ಸಂಘವಾಗಿದ್ದರೆ ಅವರು ಹೊರಟ ದಿನವೇ ಬೀಗ ಬೀಳುತ್ತಿತ್ತು.

ಇಲ್ಲಿ ಎದ್ದು ನಿಲ್ಲುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಪಟ್ರೋಲ್ ಸೈನ್ಯದ ಮಾತು, ಬೇಡನ್-ಪೊವೆಲ್ ಸೈನ್ಯದ ಮನುಷ್ಯ, ಇದು ಸಾಮ್ರಾಜ್ಯಕ್ಕೆ ಸಿಪಾಯಿಗಳನ್ನು ಬೆಳೆಸುವ ಪಾತಿಯಲ್ಲದೆ ಬೇರೇನು ಎಂದು ಕೇಳುವವರಿದ್ದಾರೆ. ಕನ್ನಡದಲ್ಲಿ ಸ್ಕೌಟ್‌ಗೆ ‘ಬಾಲಚಮು’ ಎಂಬ ಹಳೆಯ ಹೆಸರೊಂದಿದೆ; ಚಮೂ ಎಂದರೆ ಸೇನೆ. ಹೆಸರಿಟ್ಟವರಿಗೆ ಅದರಲ್ಲಿ ಸೇನೆಯೇ ಕಂಡಿತ್ತು. ನಂಟು ಸುಳ್ಳಲ್ಲ. 1890ರ ದಶಕದ ಕೊನೆಯಲ್ಲಿ ಮೀರತ್ತಿನಲ್ಲಿ ಡ್ರಗೂನ್ ಗಾರ್ಡ್ಸ್ ಪಡೆಯನ್ನು ನಡೆಸುತ್ತಿದ್ದಾಗ ಬೇಡನ್-ಪೊವೆಲ್ ಸಿಪಾಯಿಗಳಿಗೆ ಬೇಹು ಕಲಿಸಿದ್ದರು. 1899ರ ಅವರ ಪುಸ್ತಕ ಸೈನಿಕರಿಗೆಂದೇ ಬರೆದದ್ದು. ಅದೇ ವರ್ಷ ಅಕ್ಟೋಬರಿನಲ್ಲಿ ಮೊದಲಾಗಿ 217 ದಿನ ನಡೆದ, ದಕ್ಷಿಣ ಆಫ್ರಿಕದಲ್ಲಿ ಅವರು ಎದುರಿಸಿದ ಮೆಫೆಕಿಂಗ್ ಮುತ್ತಿಗೆಯಲ್ಲಿ ಸಂದೇಶ ಒಯ್ಯಲು ಅಲ್ಲಿನ ಹುಡುಗರ ಪಡೆಯನ್ನು ಬಳಸಲಾಗಿತ್ತು. ಆ ಮುತ್ತಿಗೆಯಲ್ಲಿ ಊರಿನ ಕರಿಯ ಜನ ಪಟ್ಟ ಹಸಿವಿನ ಕಥೆಯನ್ನು ವೀರಗಾಥೆಗಳು ಹೇಳುವುದಿಲ್ಲ ಎಂಬುದನ್ನೂ ಸೇರಿಸಬೇಕು. ಇದಿಷ್ಟನ್ನೂ ಒಪ್ಪುತ್ತೇನೆ. ಆದರೆ ಒಂದು ವಸ್ತು ಎಲ್ಲಿಂದ ಬಂತು ಎಂಬುದರಿಂದ ಅದು ಕೊನೆಗೆ ಏನಾಯಿತು ಎಂಬುದು ತೀರ್ಮಾನವಾಗುವುದಿಲ್ಲ. ಸೈನ್ಯದ ತುಕಡಿಯಲ್ಲಿ ಮಾತು ಮೇಲಿನಿಂದ ಕೆಳಗೆ ಇಳಿಯುತ್ತದೆ. ಪಟ್ರೋಲ್ ಸಭೆಯಿಂದ ಕೋರ್ಟ್ ಆಫ್ ಆನರ್‌ಗೆ ಮಾತು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಸಿಪಾಯಿಗೆ ತನ್ನ ನಾಯಕನನ್ನು ಪ್ರಶ್ನಿಸುವ ಸಭೆಯಿಲ್ಲ, ಸ್ಕೌಟ್‌ಗೆ ಇದೆ.

ಇದಕ್ಕಿಂತ ಕಷ್ಟದ ಪ್ರಶ್ನೆಯನ್ನು ಜರ್ಮನಿಯ ಚರಿತ್ರೆ ಕೇಳುತ್ತದೆ. ಯುವಕರನ್ನು ಯುವಕರೇ ನಡೆಸಬೇಕು ಎಂಬುದು ಹಿಟ್ಲರನ ಯುವಪಡೆಯ ಘೋಷಣೆಯೂ ಆಗಿತ್ತು. ಹಾಗಿದ್ದರೆ ಯುವ ನಾಯಕತ್ವವನ್ನೇ ಮೆಚ್ಚುವುದರಲ್ಲಿ ಏನರ್ಥ? ಮೆಚ್ಚಬೇಕಾದದ್ದು ವಯಸ್ಸನ್ನಲ್ಲ ಎಂಬ ಎಚ್ಚರ ಇಲ್ಲಿ ಸಿಗುತ್ತದೆ. ಹದಿನೈದರ ಹುಡುಗ ಹನ್ನೆರಡರವನಿಗೆ ಆಜ್ಞೆ ಮಾಡಿದ ಮಾತ್ರಕ್ಕೆ ಅಲ್ಲಿ ಸ್ವಂತ ಆಳ್ವಿಕೆ ಬಂತೆಂದಲ್ಲ. ಅವನು ಮೇಲಿನವರ ಬಾಯಿಯಾಗಿದ್ದರೆ ಗುಂಪಿನ ತಲೆ ಇನ್ನೂ ಮೇಲಿನವರ ಕೈಯಲ್ಲೇ ಇದೆ. ಜರ್ಮನಿಯ ಆಳ್ವಿಕೆ ಸಮವಸ್ತ್ರವನ್ನೂ ಬಾವುಟವನ್ನೂ ಶಿಬಿರದ ಬೆಂಕಿಯನ್ನೂ ಇಟ್ಟುಕೊಂಡಿತು. ತನ್ನ ಪಾಡಿಗೆ ತಾನು ತೀರ್ಮಾನ ಮಾಡುವ ಸಣ್ಣ ಗುಂಪುಗಳನ್ನು ಮಾತ್ರ ಉಳಿಯಗೊಡಲಿಲ್ಲ. ಸ್ಕೌಟ್ ಸಂಘಗಳನ್ನು ನಿಷೇಧಿಸಿತು. ಅದೇ ಜರ್ಮನಿ ಪೋಲೆಂಡನ್ನು ನುಂಗಿದಾಗ, 1939ರ ಸೆಪ್ಟೆಂಬರಿನಲ್ಲಿ, ಅಲ್ಲಿನ ಸ್ಕೌಟ್‌ಗಳು ‘ಬೂದು ಸಾಲುಗಳು’ ಎಂಬ ಗುಪ್ತ ಹೆಸರಿನಲ್ಲಿ ನೆಲದಡಿಗೆ ಇಳಿದರು. 1944ರ ವಾರ್ಸಾ ದಂಗೆಯಲ್ಲಿ ಸಿಡಿಗುಂಡುಗಳ ನಡುವೆ ಜನರ ಕಾಗದಗಳನ್ನು ಮನೆಮನೆಗೆ ಮುಟ್ಟಿಸಿದ್ದು ಚಿಕ್ಕ ಸ್ಕೌಟ್‌ಗಳ ಅಂಚೆ. ನಾಯಕರು ಸೆರೆಯಾದರೂ ಕೊಲೆಯಾದರೂ ಆ ಜಾಲ ಕಡಿಯಲಿಲ್ಲ, ಏಕೆಂದರೆ ಅದನ್ನು ನೆಯ್ದದ್ದೇ ಸಣ್ಣ ಗುಂಪುಗಳಿಂದ. ಮಕ್ಕಳನ್ನು ಅಂಥ ಬೆಂಕಿಗೆ ಒಡ್ಡಬೇಕಾಗಿ ಬಂದದ್ದನ್ನು ಯಾರೂ ಹೊಗಳಲಾರರು. ಅದು ಆ ನಾಡಿನ ಸಂಕಟ. ಆದರೆ ಭಾರತದಲ್ಲಿ ಬ್ರಿಟಿಷ್ ಅಧಿಕಾರಿಗಳು ಅಳುಕಿದ್ದು ಬರಿಯ ಕಲ್ಪನೆಗಲ್ಲ ಎಂಬುದಕ್ಕೆ ಇದು ಸಾಕ್ಷಿ.

ನಮ್ಮವರು ಮುಚ್ಚಿದ ಬಾಗಿಲ ಮುಂದೆ ಕಾಯುತ್ತ ಕೂರಲಿಲ್ಲ. ಮದರಾಸಿನಲ್ಲಿ ಆ್ಯನಿ ಬೆಸೆಂಟ್ ಅವರು ಜಿ. ಎಸ್. ಅರಂಡೇಲ್‌ರ ನೆರವಿನಿಂದ ಭಾರತೀಯ ಹುಡುಗರಿಗಾಗಿ ಬೇರೆಯೇ ಸ್ಕೌಟ್ ಸಂಘ ಕಟ್ಟಿದರು. ಅಲಹಾಬಾದಿನಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇರಿ ಸೇವಾ ಸಮಿತಿ ಸ್ಕೌಟ್ ಸಂಘವನ್ನು ನೆಲೆಗೊಳಿಸಿದರು. ಜಾತ್ರೆ, ಕುಂಭಮೇಳಗಳಲ್ಲಿ ಕಳೆದುಹೋದವರನ್ನು ಹುಡುಕಿಕೊಡುವುದು, ನೀರು ಕೊಡುವುದು, ಈ ಬಗೆಯ ಸೇವೆ ಅದರ ಕೆಲಸವಾಗಿತ್ತು. ದೇಶೀ ಸಂಸ್ಥಾನಗಳಲ್ಲೂ ಸ್ಕೌಟಿಂಗ್ ಬೇರುಬಿಟ್ಟಿತು, ಮೈಸೂರೂ ಅವುಗಳಲ್ಲೊಂದು. 1921ರಲ್ಲಿ ಬೇಡನ್-ಪೊವೆಲ್ ಭಾರತಕ್ಕೆ ಬಂದಾಗ ಬೆಸೆಂಟರ ಸಂಘ ಅವರ ಸಂಘದೊಳಗೆ ಸೇರಿತು. ಸೇವಾ ಸಮಿತಿ ಸೇರಲಿಲ್ಲ. ಸ್ಕೌಟ್ ಪ್ರತಿಜ್ಞೆಯಲ್ಲಿ ಇಂಗ್ಲೆಂಡಿನ ದೊರೆಗೆ ನಿಷ್ಠೆ ತೋರಬೇಕಿದ್ದದ್ದು ಅವರಿಗೆ ಒಪ್ಪಿಗೆಯಾಗಲಿಲ್ಲ. 1937ರಲ್ಲಿ ಬೇಡನ್-ಪೊವೆಲ್ ದಿಲ್ಲಿಯಲ್ಲಿ ನಡೆದ ಜಾಂಬೊರಿ ಎಂಬ ಸ್ಕೌಟ್ ಮೇಳಕ್ಕೆ ಬಂದುಹೋದ ಮೇಲೆ ಭಾರತೀಯರ ಶೀಲದ ಬಗ್ಗೆ ಆಡಿದ ಹಗುರ ಮಾತು ಗಾಯವಾಯಿತು, ಅನೇಕರು ಅವರ ಸಂಘ ಬಿಟ್ಟರು, 1938ರಲ್ಲಿ ಹಿಂದೂಸ್ತಾನ್ ಸ್ಕೌಟ್ ಸಂಘ ಹುಟ್ಟಿತು. ಸ್ವಾತಂತ್ರ್ಯದ ನಂತರ ನೆಹರೂ ಮತ್ತು ಮೌಲಾನಾ ಆಜಾದರ ಒತ್ತಾಸೆಯಿಂದ 1950ರ ನವೆಂಬರ್ 7ರಂದು ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಮರುವರ್ಷ ಆಗಸ್ಟ್ 15ರಂದು ಗೈಡ್‌ಗಳೂ ಸೇರಿದರು. ಈ ನಾಲ್ಕು ದಶಕಗಳ ಜಗಳ ಯಾರಿಗೆ ನಿಷ್ಠರಾಗಿರಬೇಕು ಎಂಬುದರ ಸುತ್ತ ನಡೆಯಿತು. ಅದು ನಡೆಯಲೇಬೇಕಿದ್ದ ಜಗಳ, ಅದರಲ್ಲಿ ನಮ್ಮವರು ಸರಿಯಾಗಿದ್ದರು. ಆದರೆ ಅದರ ಸದ್ದಿನಲ್ಲಿ, ದಳದ ಒಳಗೆ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆ ಹಿಂದಕ್ಕೆ ಸರಿಯಿತು. ಅದಕ್ಕೆ ಉತ್ತರವನ್ನು ಶಾಲೆ ಕೊಟ್ಟಿತು.

ಶಾಲೆಯೇ ಸ್ಕೌಟಿಂಗಿನ ಮನೆಯಾದದ್ದು ನಮ್ಮಲ್ಲಿ ಸಹಜವಾಗಿ ಆದದ್ದು, ಒಳ್ಳೆಯದನ್ನೂ ಮಾಡಿದ್ದು. ಇಂಗ್ಲೆಂಡಿನಲ್ಲಿ ಚರ್ಚಿನ ಹಜಾರ, ಬೀದಿಯ ಕ್ಲಬ್ಬು, ವಾರದ ರಜೆ, ಕೈಖರ್ಚಿನ ಕಾಸು ಇದ್ದವು. ನಮ್ಮ ಹಳ್ಳಿಯ ಹುಡುಗನಿಗೆ ಅದಾವುದೂ ಇರಲಿಲ್ಲ. ಎಲ್ಲ ಜಾತಿಯ ಮಕ್ಕಳು, ತಾತ್ವಿಕವಾಗಿಯಾದರೂ, ಒಂದೇ ಸೂರಿನಡಿ ಕೂರುವ ಜಾಗ ಶಾಲೆ ಮಾತ್ರ. ಮೇಷ್ಟರು ಹೇಳಿದರೆ ಮನೆಯವರು ಕಳಿಸುತ್ತಾರೆ; ಹೆಣ್ಣುಮಕ್ಕಳ ವಿಷಯದಲ್ಲಂತೂ ಮೇಡಂ ಜೊತೆಗಿದ್ದಾರೆ ಎಂಬ ಒಂದು ಮಾತಿನಿಂದಲೇ ಗೈಡ್ ಶಿಬಿರದ ಬಾಗಿಲು ತೆರೆದದ್ದು. ಪಟ್ರೋಲ್ ಒಲೆಯನ್ನು ನೆನೆದುಕೊಳ್ಳಿ. ಎಂಟು ಮಕ್ಕಳು ಸೌದೆ ತಂದು, ಒಬ್ಬರು ಅಕ್ಕಿ ತೊಳೆದು, ಇನ್ನೊಬ್ಬರು ಸಾರು ಕುದಿಸಿ, ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣುವುದು ಇಂಗ್ಲೆಂಡಿನಲ್ಲಿ ಬರಿಯ ಶಿಬಿರದ ಅಡುಗೆ. ಯಾರ ಕೈಯ ನೀರು ಯಾರು ಕುಡಿಯಬೇಕೆಂದು ಲೆಕ್ಕ ಹಾಕುವ ಸಮಾಜದಲ್ಲಿ ಅದೇ ಅಡುಗೆಯ ತೂಕ ಬೇರೆ. ಆ ತೂಕವನ್ನು ಹೊರಲು ಶಾಲೆಯ ಬೆನ್ನು ಬೇಕಿತ್ತು. ಬೆಂಗಳೂರಿನ ಅರಮನೆ ರಸ್ತೆಯ ರಾಜ್ಯ ಕಚೇರಿಯಿಂದ ದಾವಣಗೆರೆ ಬಳಿಯ ಕೊಂಡಜ್ಜಿಯ ಶಿಬಿರ ತಾಣದವರೆಗೆ ಕರ್ನಾಟಕದಲ್ಲಿ ಹರಡಿರುವ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ತಮ್ಮ ಭಾನುವಾರಗಳನ್ನು ಕೊಟ್ಟ ಶಿಕ್ಷಕರೇ ಹೆಚ್ಚು. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯ ಆಳ್ವಾಸ್ ಆವರಣದಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೊರಿ ನಡೆಯಲು ಸಾಧ್ಯವಾದದ್ದೂ ಈ ಶಾಲೆಗಳ ಜಾಲದಿಂದ.

ಬೆಲೆಯನ್ನೂ ಹೇಳಬೇಕು. ಶಾಲೆಯೊಳಗೆ ಬಂದ ದಳ ಶಾಲೆಯ ಗುಣವನ್ನು ತೊಟ್ಟುಕೊಂಡಿತು. ತರಗತಿಗೆ ಒಬ್ಬ ಮಾನಿಟರ್ ಇರುವಂತೆ ಪಟ್ರೋಲಿಗೆ ಒಬ್ಬ ಲೀಡರ್; ಅವನನ್ನು ಆರಿಸುವವರು ಮೇಷ್ಟರು, ಅವನ ಕೆಲಸ ಹಾಜರಿ ಹಿಡಿಯುವುದು. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಎಂದು ಏರುವ ಮೆಟ್ಟಿಲುಗಳು ಪರೀಕ್ಷೆಗಳಾದವು, ಲಾಗ್ ಬುಕ್ಕು ಹೋಂವರ್ಕ್ ಆಯಿತು. ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಅಂಡ್ ಗೈಡ್ಸ್ ಕೋಟಾ ಇದೆ. ಬಡ ಮನೆಯ ಮಗುವಿಗೆ ಅದೊಂದು ದಾರಿ, ಅದನ್ನು ಆಸೆಪಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಪ್ರಮಾಣಪತ್ರವೇ ಗುರಿಯಾದ ದಳದಲ್ಲಿ ತಪ್ಪು ಮಾಡಲು ಜಾಗವಿರುವುದಿಲ್ಲ, ತಪ್ಪು ಮಾಡದೆ ಯಾವ ಹುಡುಗನೂ ಹುಡುಗಿಯೂ ನಾಯಕತ್ವ ಕಲಿಯುವುದಿಲ್ಲ. ಸ್ವಾತಂತ್ರ್ಯೋತ್ಸವದ ದಿನ ಗಣ್ಯರು ಬರುವವರೆಗೆ ಬಿಸಿಲಲ್ಲಿ ಸಾಲಾಗಿ ನಿಲ್ಲುವುದು, ಹೂಗುಚ್ಛ ಕೊಡುವುದು, ಸಮಾರಂಭದಲ್ಲಿ ಜನರನ್ನು ಸಾಲುಗೊಳಿಸುವುದು, ಇದಿಷ್ಟೇ ಸ್ಕೌಟ್ ಕೆಲಸವೆಂದು ಬೆಳೆದ ಮಗುವಿಗೆ ಬ್ರೌನ್‌ಸೀಯ ಆ ರಾತ್ರಿ ಕಾವಲು ಅರ್ಥವಾಗುವುದಾದರೂ ಹೇಗೆ? ನನಗೆ ಇದು ನೋವಿನ ಸಂಗತಿ. ಬಿಳಿಯ ಅಧಿಕಾರಿಗಳು ನಮ್ಮ ಮಕ್ಕಳಿಂದ ದೂರವಿಡಲು ನೋಡಿದ್ದನ್ನು, ಮಾಳವೀಯರೂ ಬೆಸೆಂಟರೂ ನಮ್ಮ ಮಕ್ಕಳಿಗೆ ಕೊಟ್ಟೇ ತೀರುತ್ತೇವೆಂದು ಹೊರಟಿದ್ದನ್ನು, ನಾವೇ ಒಂದು ಪಠ್ಯೇತರ ಚಟುವಟಿಕೆಯಷ್ಟಕ್ಕೆ ಕುಗ್ಗಿಸಿಕೊಂಡೆವು.

ಮಕ್ಕಳ ಕೈಗೆ ಬಿಟ್ಟರೆ ಏನಾದೀತೋ ಎಂಬ ತಂದೆತಾಯಿಗಳ ಭಯವನ್ನು ನಾನು ಹಗುರ ಮಾಡುವುದಿಲ್ಲ. ದೊಡ್ಡ ಹುಡುಗರು ಚಿಕ್ಕವರನ್ನು ಗೋಳುಹೊಯ್ದುಕೊಳ್ಳುವುದು ಎಲ್ಲ ಕಡೆ ಇರುವಂಥದೇ. ನೀರು, ಬೆಂಕಿ, ಎತ್ತರ ಇವು ಯಾರನ್ನೂ ಕ್ಷಮಿಸುವುದಿಲ್ಲ. 1912ರ ಆಗಸ್ಟ್ 4ರಂದು ಲಂಡನ್ನಿನ ವಾಲ್ವರ್ತ್ ದಳದ ದೋಣಿ ಲೇಸ್‌ಡೌನ್ ಬಳಿ ಬಿರುಗಾಳಿಗೆ ಮಗುಚಿ 9 ಹುಡುಗರು ಮುಳುಗಿ ಸತ್ತರು. ಬಡ ಮನೆಯ ಆ ಮಕ್ಕಳಿಗಾಗಿ ಇಡೀ ಲಂಡನ್ ಅತ್ತಿತು. ಆದರೆ ಆ ದೋಣಿಯಲ್ಲಿ ದೊಡ್ಡವರಿದ್ದರು, ಸ್ಕೌಟ್ ಮಾಸ್ಟರೇ ಇದ್ದರು. ಅಪಾಯ ತಪ್ಪಿಸುವುದು ತರಬೇತಿ, ಸಲಕರಣೆ, ಹವಾಮಾನದ ತಿಳಿವಳಿಕೆ. ಯಾರು ಆಜ್ಞೆ ಮಾಡುತ್ತಾರೆ ಎಂಬುದಲ್ಲ. ಗೋಳುಹೊಯ್ದುಕೊಳ್ಳುವ ಲೀಡರನಿಗೂ ಪದ್ಧತಿಯಲ್ಲೇ ಮದ್ದಿದೆ: ಅವನ ಪಟ್ರೋಲ್ ಮಾತಾಡುವ ಸಭೆ, ಅವನ ಸರೀಕರು ಕೂರುವ ಪಂಚಾಯಿತಿ, ಎರಡನ್ನೂ ಕಣ್ಣಿಟ್ಟು ನೋಡುವ ಹಿರಿಯ. ಹಿರಿಯರು ಇರಬಾರದೆಂದು ಯಾವ ಕಾಲದ ಸ್ಕೌಟ್ ಪದ್ಧತಿಯೂ ಹೇಳಿಲ್ಲ. ಯುವಕರು ನಡೆಸುವ ದಳದಲ್ಲಿ ಹಿರಿಯರ ಕೆಲಸ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ತಾನೇ ಡೇರೆ ಹೊಡೆದುಬಿಡುವುದಕ್ಕಿಂತ ಹನ್ನೊಂದರ ಮಗು ಹೊಡೆದ ಡೇರೆ ಎರಡು ಸಲ ಬಿದ್ದು ಮೂರನೆಯ ಸಲ ನಿಲ್ಲುವುದನ್ನು ತಾಳ್ಮೆಯಿಂದ ನೋಡುವುದು ಕಷ್ಟ.

ನಮ್ಮ ಮಕ್ಕಳಿಗೆ ಇದು ಒಗ್ಗದು, ಅವರಿಗೆ ಹೇಳಿ ಮಾಡಿಸಬೇಕು ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಕಾಮನ ಹಬ್ಬಕ್ಕೆ ವಾರವಿರುವಾಗ ಬಯಲುಸೀಮೆಯ ಯಾವ ಊರಿನ ಓಣಿಯಲ್ಲಾದರೂ ನೋಡಬಹುದು. ಸೌದೆ, ಕುಳ್ಳು ಕೂಡಿಸುವ ಹುಡುಗರ ಪಡೆಯಲ್ಲಿ ಯಾರು ಎಲ್ಲಿಗೆ ಹೋಗಬೇಕು, ಯಾರು ಕಾಯಬೇಕು, ಬಂದದ್ದನ್ನು ಎಲ್ಲಿ ಅಡಗಿಸಬೇಕು ಎಂಬುದು ಪಕ್ಕಾ ನಿಶ್ಚಯವಾಗಿರುತ್ತದೆ. ಬೀದಿಯ ಗಣಪತಿ ಕೂರಿಸುವ ಮಕ್ಕಳು ರಸೀದಿ ಪುಸ್ತಕ ಹಿಡಿದು ಮನೆಮನೆ ತಿರುಗಿ, ಮೂರ್ತಿಗೆ ಚೌಕಾಸಿ ಮಾಡಿ, ಚಪ್ಪರ ಹಾಕಿ, ರಾತ್ರಿ ಕಾವಲು ಹಂಚಿಕೊಂಡು, ಕೊನೆಗೆ ಲೆಕ್ಕದಲ್ಲಿ ಹತ್ತು ರೂಪಾಯಿ ಕಡಿಮೆ ಬಂದರೆ ಒಬ್ಬರನ್ನೊಬ್ಬರು ನಿಲ್ಲಿಸಿ ಕೇಳುತ್ತಾರೆ. ಇದು ಪಟ್ರೋಲ್ ಅಲ್ಲದೆ ಮತ್ತೇನು? 1908ರ ಇಂಗ್ಲೆಂಡಿನ ಬೀದಿ ಹುಡುಗರಲ್ಲಿ ಬೇಡನ್-ಪೊವೆಲ್ ಕಂಡದ್ದೂ ಇದನ್ನೇ. ಅವರು ಅದನ್ನು ಸೃಷ್ಟಿಸಲಿಲ್ಲ, ಅದಕ್ಕೊಂದು ಕಾಡಿನ ದಾರಿ, ಒಂದು ಪ್ರತಿಜ್ಞೆ, ಒಂದು ಸೇವೆಯ ಗುರಿ ಕೊಟ್ಟರು. ನಮ್ಮಲ್ಲಿ ಶಾಲೆಗೆ ಅಂಟಿಕೊಳ್ಳದೆ ಊರಿನ ಮಕ್ಕಳೆಲ್ಲ ಸೇರಬಹುದಾದ ಓಪನ್ ಗ್ರೂಪ್‌ಗಳಿಗೂ ಅವಕಾಶವಿದೆ. ಈ ಬೀದಿಯ ಶಕ್ತಿ ಹೋಗಿ ಸೇರಬೇಕಾದ ಜಾಗ ಅದು. ಶಾಲೆಯ ದಳವೂ ಮನಸ್ಸು ಮಾಡಿದರೆ ಹಾಗಾಗಬಲ್ಲದು. ಕಟ್ಟಡ ಯಾರದೆಂಬುದು ಇಲ್ಲಿ ದೊಡ್ಡ ಪ್ರಶ್ನೆಯಲ್ಲ.

ಹಾಗಾಗಬಲ್ಲದು ಎನ್ನಲು ಆಧಾರ ಶಿಕ್ಷಕರ ತರಬೇತಿಯಲ್ಲೇ ಇದೆ. 1919ರ ಸೆಪ್ಟೆಂಬರಿನಲ್ಲಿ ಲಂಡನ್ ಬಳಿಯ ಗಿಲ್‌ವೆಲ್ ಪಾರ್ಕಿನಲ್ಲಿ ಸ್ಕೌಟ್ ಮಾಸ್ಟರುಗಳ ತರಬೇತಿಗೆಂದು ಮೊದಲ ವುಡ್ ಬ್ಯಾಡ್ಜ್ ಶಿಬಿರ ನಡೆದಾಗ ಅಲ್ಲಿಗೆ ಬಂದ ವಯಸ್ಕರನ್ನು ಪಟ್ರೋಲುಗಳಾಗಿ ವಿಂಗಡಿಸಲಾಯಿತು. ನಮ್ಮ ಹಿಮಾಲಯ ವುಡ್ ಬ್ಯಾಡ್ಜ್ ಶಿಬಿರಗಳಲ್ಲೂ ಅದೇ ಕ್ರಮ. ಹೆಡ್‌ಮಾಸ್ತರರೂ ಕಿರಿಯ ಶಿಕ್ಷಕಿಯೂ ಸ್ಕಾರ್ಫ್ ಕಟ್ಟಿಕೊಂಡು, ತಂತಮ್ಮ ಪಟ್ರೋಲಿನಲ್ಲಿ ಸರದಿಯಲ್ಲಿ ಲೀಡರ್ ಆಗಿ, ಹಸಿ ಸೌದೆಯ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಅನ್ನ ಬೇಯಿಸುತ್ತಾರೆ, ಸಂಜೆ ಕೋರ್ಟ್ ಆಫ್ ಆನರಿನಲ್ಲಿ ಕೂತು ಮರುದಿನದ ಕೆಲಸ ಹಂಚಿಕೊಳ್ಳುತ್ತಾರೆ. ಪದ್ಧತಿಯನ್ನು ಬಲ್ಲವರು, ಅದರ ಸುಖವನ್ನು ಒಮ್ಮೆ ಉಂಡವರು ನಮ್ಮ ಶಾಲೆಗಳಲ್ಲೇ ಇದ್ದಾರೆ. ಮಗುವನ್ನು ಊರಿನ ದಳಕ್ಕೆ ಸೇರಿಸಲು ಹೊರಟ ತಂದೆತಾಯಿಗಳು ಶುಲ್ಕ ಎಷ್ಟು, ಸಮವಸ್ತ್ರ ಎಲ್ಲಿ ಸಿಗುತ್ತದೆ, ಯಾವ ಪುರಸ್ಕಾರ ಯಾವಾಗ ಬರುತ್ತದೆ ಎಂದು ಕೇಳುವ ಮೊದಲು ಕೋರ್ಟ್ ಆಫ್ ಆನರಿನ ನಡಾವಳಿ ಪುಸ್ತಕವನ್ನು ತೋರಿಸಿ ಎಂದು ಕೇಳಬೇಕು. ಅದು ಇದ್ದರೆ, ಅದರಲ್ಲಿ ಹದಿಮೂರರ ಮಗುವಿನ ಓರೆಕೋರೆ ಅಕ್ಷರದಲ್ಲಿ, ಕಳೆದ ತಿಂಗಳ ಶಿಬಿರಕ್ಕೆ ಅಕ್ಕಿ ಕಡಿಮೆ ಬಂತು, ತಪ್ಪು ಯಾರದು, ಮುಂದಿನ ಸಲ ಯಾರು ತೂಗಿ ತರಬೇಕು ಎಂದು ಬರೆದಿದ್ದರೆ, ಹೆಸರು ಬರೆಸಿ ಮಗುವನ್ನು ಅಲ್ಲೇ ಬಿಟ್ಟು ಬರಬಹುದು.